ಬಾವನ್ನಕ್ಕೆ ಬಾಸಷ್ಟ

ನನಗೆ ಮರಾಠಿ ಬರುತ್ತದೆ. ಮುಂದೆ ಓದುತ್ತ ಹೋದವರಿಗೆ ಅನುಮಾನ ಬರುವ ಸಂಭವ ಇರುವುದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹುಕ್ಕೇರಿ ಕಡೆಯ ಹಳ್ಳಿಯಿಂದ ಗಡಿಯಾಚೆಯ ಗಡಿಂಗ್ಲಜಕ್ಕೆ ಸೊಸೆಯಾಗಿ ಬಂದ ಮೇಲೆ ಸಂತೆಯಲ್ಲಿ ಚೌಕಾಸಿ ಮಾಡಿದ್ದು, ನಳದ ನೀರಿಗಾಗಿ ಪಕ್ಕದ ಮನೆಯವರ ಜೊತೆ ಜಗಳ ಆಡಿದ್ದು, ಸಂಜೆ ಅವರ ಕಟ್ಟೆಯ ಮೇಲೇ ಕೂತು ಚಹಾ ಕುಡಿದದ್ದು, ಎಲ್ಲ ಮರಾಠಿಯಲ್ಲೇ. ನನಗೆ ಬಾರದಿರುವುದು ಮರಾಠಿಯ ಅಂಕಿ ಮಾತ್ರ.

ತಪ್ಪು ನನ್ನದಲ್ಲ, ಅಂಕಿಯದು. ಕನ್ನಡದಲ್ಲಿ ಐವತ್ತೆರಡು ಅಂದರೆ ಮೊದಲು ಐವತ್ತು ಬರುತ್ತದೆ, ಅದರ ಹಿಂದೆ ಎರಡು. ಮದುವೆಮನೆಗೆ ಹೋದ ಹಾಗೆ, ಹಿರಿಯರು ಮುಂದೆ, ಕಿರಿಯರು ಹಿಂದೆ. ಮರಾಠಿಯಲ್ಲಿ ಕಿರಿಯರೇ ಮುಂದೆ ಓಡಿ ಬರುತ್ತಾರೆ. ಬಾವೀಸ ಅಂದರೆ ಇಪ್ಪತ್ತೆರಡು, ಬಾವನ್ನ ಅಂದರೆ ಐವತ್ತೆರಡು, ಬಾಸಷ್ಟ ಅಂದರೆ ಅರವತ್ತೆರಡು, ಬಾಹತ್ತರ ಅಂದರೆ ಎಪ್ಪತ್ತೆರಡು. ಬಾಗಿಲಲ್ಲಿ ನಿಂತಾಗ ಎಲ್ಲರ ಮುಖವೂ ಒಂದೇ. ಬಂದವರು ಯಾರು ಅಂತ ತಿಳಿಯಬೇಕಾದರೆ ಕೊನೆಯ ಅಕ್ಷರದ ತನಕ ಕಾಯಬೇಕು. ನನಗೆ ಅಷ್ಟು ತಾಳ್ಮೆ ಇಲ್ಲ. 'ಬಾ' ಅಂತ ಕಿವಿಗೆ ಬಿದ್ದ ಕೂಡಲೇ ನಾನು ಎದ್ದು ಹೊರಟಿರುತ್ತೇನೆ.

ಹಾಗೆ ಹೊರಡುವ ರೂಢಿ ಬಿದ್ದದ್ದಕ್ಕೂ ಕಾರಣ ಇದೆ. ನಮ್ಮ ಮನೆಯವರದು ಮಶೀನಿನಿಂದ ಮರ ಕೊಯ್ಯುವ ಕೆಲಸ. ಬದುವಿನ ಮೇಲಿನ ನೀಲಗಿರಿ, ಗಾಳಿಮಳೆಗೆ ದಾರಿಗೆ ಅಡ್ಡ ಬಿದ್ದ ಮಾವು, ಯಾರದೋ ಹೆಂಚಿನ ಮೇಲೆ ಒರಗಿದ ಬೇವಿನ ಟೊಂಗೆ, ಏನಿದ್ದರೂ ಸರಿ, ಗಡಿಂಗ್ಲಜದಿಂದ ಚಂದಗಡದ ದಾರಿಯ ತನಕ ಯಾರಾದರೂ ಫೋನ್ ಮಾಡಿದರೆ ಇವರು ಮಶೀನನ್ನು ಮೋಟರ್‌ಸೈಕಲ್ಲಿಗೆ ಕಟ್ಟಿಕೊಂಡು ಹೊರಡುತ್ತಾರೆ. ಹೋದ ಸಲದ ಹಿಂದಿನ ಸುಗ್ಗಿಯಲ್ಲಿ ಹಾಗೆ ಹೊರಟಾಗಲೇ ಮುಂದಿನ ಟ್ರಾಲಿಯಿಂದ ಕಬ್ಬಿನ ಹೊರೆಯೊಂದು ಜಾರಿ ರಸ್ತೆಗೆ ಬಿತ್ತು. ಅದನ್ನು ತಪ್ಪಿಸಲು ಹೋಗಿ ಇವರು ಗಾಡಿ ಸಮೇತ ಬಿದ್ದರು. ಬಲಗಡೆಯ ಭುಜ ಮುರಿಯಿತು. ಕಬ್ಬಿಗೆ ಏನೂ ಆಗಲಿಲ್ಲ.

ಭುಜ ಕೂಡಿಕೊಂಡಿತು, ಆದರೆ ಮೊದಲಿನ ಹಾಗೆ ಅಲ್ಲ. ಭಾರ ಎತ್ತಬಹುದು, ಹಿಡಿಯಬಹುದು, ಆದರೆ ಝಟಕಾ ಕೊಡಕೂಡದು ಎಂದರು ಡಾಕ್ಟರು. ಮರ ಕೊಯ್ಯುವ ಮಶೀನು ಶುರುವಾಗುವುದೇ ಝಟಕಾದಿಂದ. ಅದರ ಮಗ್ಗುಲಿಗೆ ಒಂದು ಹಗ್ಗ ಇರುತ್ತದೆ, ಅದನ್ನು ಜೀವ ಬಿಟ್ಟು ಜಗ್ಗಿದರೆ ಮಾತ್ರ ಎಂಜಿನ್ ಹತ್ತಿಕೊಳ್ಳುತ್ತದೆ. ಹತ್ತಿದ ಮೇಲೆ ಇವರು ಎತ್ತಿ ಕೊಯ್ಯಬಲ್ಲರು, ಹತ್ತಿಸಲಾರರು. ಹೀಗಾಗಿ ಹಗ್ಗದ ಕೆಲಸ ನನಗೆ ಬಂತು.

ನನಗೇನು ಅದು ಕಷ್ಟವಾಗಲಿಲ್ಲ. ತವರಿನಲ್ಲಿ ಗಡಗಡೆ ಇಲ್ಲದ ಬಾವಿಯಿಂದ ನೀರು ಸೇದಿದ ಕೈ. ಮಶೀನನ್ನು ನೆಲಕ್ಕಿಟ್ಟು, ಹಿಂದಿನ ಹಿಡಿಕೆಯೊಳಗೆ ಕಾಲಿನ ತುದಿ ಇಟ್ಟು, ಸೆರಗು ಬಿಗಿದು ಒಂದು ಜಗ್ಗಿದೆನೆಂದರೆ ಮುಗಿಯಿತು. ಬುತ್ತಿ ಕಟ್ಟಿಕೊಂಡು ಇವರ ಹಿಂದೆ ಗಾಡಿಯಲ್ಲಿ ಕೂತು ಹೋಗುವುದು, ಅಲ್ಲಿ ಎಲ್ಲಾದರೂ ನೆರಳಿಗೆ ಕೂಡುವುದು, ಮಶೀನು ಬಂದ್ ಬಿದ್ದಾಗ ಇವರು "ಬಾ!" ಅಂತ ಕೂಗುವುದು, ನಾನು ಓಡಿಹೋಗಿ ಜಗ್ಗುವುದು. ಬರಬರುತ್ತ ಹಳ್ಳಿಗಳಲ್ಲಿ ನನಗೆ 'ಸ್ಟಾರ್ಟರ್ ವೈನಿ', ಅಂದರೆ ಸ್ಟಾರ್ಟರ್ ಅತ್ತಿಗೆ, ಅಂತ ಹೆಸರು ಬಿತ್ತು. ಕೆಲಸಕ್ಕೆ ಕರೆಯುವವರು "ವೈನಿ ಬರ್ತಾರಲ್ರಿ?" ಅಂತ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ನನಗೆ ಖುಷಿಯೋ ಖುಷಿ. ಮನೆಯಲ್ಲಿ ರೊಟ್ಟಿ ಬಡಿಯುವವಳಿಗೆ ಊರೂರು ತಿರುಗುವ ಯೋಗ ಬಂದಿತ್ತು, ಮೇಲಿಂದ ಮರ್ಯಾದೆ ಬೇರೆ.

ಇವರಿಗೆ ಖುಷಿ ಇರಲಿಲ್ಲ. ಅದು ನನಗೆ ತಡವಾಗಿ ತಿಳಿಯಿತು. ಒಂದು ದಿನ ನಾನು ಹೊಲದ ಮಾಲೀಕರ ಮನೆಗೆ ನೀರು ಕುಡಿಯಲು ಹೋದವಳು ಅಲ್ಲಿಯ ಹೆಂಗಸರ ಜೊತೆ ಮಾತಿಗೆ ಕೂತುಬಿಟ್ಟೆ. ಮರಳಿ ಬಂದರೆ ಇವರು ಬಂದ್ ಬಿದ್ದ ಮಶೀನಿನ ಮುಂದೆ ಸುಮ್ಮನೆ ನಿಂತಿದ್ದಾರೆ. ಸುತ್ತ ನಾಲ್ಕಾರು ಜನ. ಅವರಲ್ಲೊಬ್ಬ "ನಾ ಜಗ್ಗಲೇನ್ರಿ?" ಅಂದದ್ದಕ್ಕೆ "ಬ್ಯಾಡ" ಅಂದಿದ್ದರಂತೆ. ಆ ಸಂಜೆ ಮನೆಗೆ ಬಂದು ಕೈಕಾಲು ತೊಳೆದವರೇ, "ಮಶೀನ ಮಾರಿಬಿಡೂಣು" ಅಂದರು.

"ಯಾಕ್ರಿ? ಏನಾಗೈತಿ ಅದಕ್ಕ?"

"ಶುರು ಮಾಡಾಕ ಬರದವಗ ಮಶೀನ ಯಾಕ ಬೇಕು?"

"ನಾ ಮಾಡಾಕತ್ತೇನಲ್ಲ! ನನ್ನ ಕೈ ಏನು ಪರರ ಕೈಯೇನ್ರಿ?"

"ನಿನ್ನ ಕೈಯಿಂದಲ್ಲ ಮಾತು. ನನ್ನ ಕೈಯಿಂದು."

ನನಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಹೆದರಿಕೆಯೂ ಇತ್ತು. ಮರ ಕೊಯ್ಯುವುದು ಬಿಟ್ಟರೆ ಈ ಮನುಷ್ಯ ಏನಾಗುತ್ತಾರೆ ಅಂತ. ಸಂತೆಗೆ ಹೋದರೂ ಕಾಯಿಪಲ್ಯೆ ಬಿಟ್ಟು ಸಂತೆಯ ಆಲದ ಮರವನ್ನು ನೋಡುತ್ತ, ಇದು ಯಾವ ಕಡೆಗೆ ಬೀಳುತ್ತದೆ ಅಂತ ಲೆಕ್ಕ ಹಾಕುವವರು ಇವರು. ಮನೆಯಲ್ಲಿ ಕೂತರೆ ನನ್ನ ಒಗ್ಗರಣೆಯಲ್ಲಿ ತಪ್ಪು ಹುಡುಕುತ್ತಾರೆ, ನಾನು ಸುಮ್ಮನಿರುವವಳಲ್ಲ.

ಮಾರುವುದೆಂದಾದರೂ ಮೊದಲು ರಿಪೇರಿ ಮಾಡಿಸಬೇಕಿತ್ತು. ಮಶೀನಿಗೂ ವಯಸ್ಸಾಗಿ ದಮ್ಮು ಹೋಗಿತ್ತು. ಇಚಲಕರಂಜಿಯ ಹತ್ತಿರ ಯಡ್ರಾವದಲ್ಲಿ ಒಬ್ಬ ಮಿಸ್ತ್ರಿ ಇದ್ದಾರೆ. ಮೊದಲು ಮಗ್ಗಗಳ ಫಿಟರ್ ಆಗಿದ್ದವರು, ಈಗ ಇಂಥ ಸಣ್ಣ ಎಂಜಿನ್‌ಗಳನ್ನು ಬಿಚ್ಚಿ ಕೂಡಿಸುತ್ತಾರೆ. ಅವರ ಅಂಗಡಿಯ ಗೋಡೆಯ ಆಚೆಗೆ ಪಾವರ್‌ಲೂಮ್‌ಗಳು ಖಟಖಟ ಬಡಿಯುತ್ತಲೇ ಇರುವುದರಿಂದ ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಮಿಸ್ತ್ರಿ ನಮ್ಮ ಮಶೀನನ್ನು ಬಿಚ್ಚಿ, ಗೀರು ಬಿದ್ದ ಪಿಸ್ಟನ್ನನ್ನು ತೋರಿಸಿ, ಸಿಲಿಂಡರ್ ಪಿಸ್ಟನ್ ಎರಡೂ ಹೊಸದು ಹಾಕಬೇಕು, ಕೊಲ್ಹಾಪುರದಲ್ಲಿ ಸಿಗುತ್ತದೆ ಎಂದರು. ಇವರು ತಮ್ಮ ಮಶೀನು ಬಿಚ್ಚಿಬಿದ್ದಿರುವಾಗ ಅದನ್ನು ಬಿಟ್ಟು ಕದಲುವವರಲ್ಲ. ಒಮ್ಮೆ ನಾನು ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ನನ್ನ ಪಕ್ಕದಲ್ಲಿ ಅಷ್ಟು ಕೂತಿರಲಿಲ್ಲ. ಸರಿ, ನಾನೇ ಹೊರಟೆ.

"ವಹಿನಿ, ಬಾವನ್ನಚಾ ಕಿಟ್ ಆಣಾ!" ಮಿಸ್ತ್ರಿ ಮಗ್ಗದ ಸದ್ದಿನ ಮೇಲೆ ಕೂಗಿದರು. ನಮ್ಮದು ಐವತ್ತೆರಡು ಸಿಸಿಯ ಮಶೀನು, ಅದರ ಕಿಟ್ ತನ್ನಿ ಅಂತ ಅರ್ಥ, ಅದು ನನಗೆ ಆಮೇಲೆ ತಿಳಿದದ್ದು. "ಹೋ, ಕಳಲಾ!" ತಿಳಿಯಿತು ಅಂತ ನಾನೂ ಕೂಗಿ, ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಪಕ್ಕದ ಹೆಂಗಸು ಮಾತುಗಾತಿ. ಅವಳ ಸೊಸೆಯ ಕಥೆ ನಿಜಕ್ಕೂ ಚೆನ್ನಾಗಿತ್ತು. ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ಸೊಸೆಯ ಕಥೆ ಪೂರ್ತಿ ನೆನಪಿತ್ತು, ಅಂಕಿಯಲ್ಲಿ 'ಬಾ' ಮಾತ್ರ ಉಳಿದಿತ್ತು. ಅಂಗಡಿಯ ತನಕ ನಡೆಯುತ್ತ ಅದರ ಬಾಲ ಹುಡುಕಿದೆ. ಇವರಿಗೆ ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ "ಮರಾಠಿ ಬರ್ತೈತಿ ಅಂತಿದ್ದಿ?" ಅಂತ ವರ್ಷವಿಡೀ ಕಾಡುತ್ತಾರೆ. ಅಂಗಡಿಯ ಮೆಟ್ಟಿಲ ಮೇಲೆ ಒಂದು ಬಾಲ ಸಿಕ್ಕಿತು. "ಬಾಸಷ್ಟಚಾ ಕಿಟ್ ದ್ಯಾ" ಅಂದೆ.

ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಕ್ಕೀ ಬಾಸಷ್ಟ?" ಅಂದರು. ಖಂಡಿತಾನಾ ಅಂತ.

ಹೆಂಗಸರು ಮಶೀನಿನ ಸಾಮಾನು ಕೇಳಿದರೆ ಹೀಗೆ ಎರಡೆರಡು ಸಲ ಕೇಳುವುದು ನನಗೆ ಆಗುವುದಿಲ್ಲ. "ನಕ್ಕೀ!" ಅಂತ ಗದರಿಸಿಯೇ ಬಿಟ್ಟೆ. ಅವರು ಸುಮ್ಮನೆ ಡಬ್ಬಿ ಕಟ್ಟಿಕೊಟ್ಟರು.

ಯಡ್ರಾವದಲ್ಲಿ ಡಬ್ಬಿಯ ಸೀಲ್ ಒಡೆದ ಮಿಸ್ತ್ರಿ ಒಳಗೆ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕೂತಲ್ಲೇ ನಗತೊಡಗಿದರು. "ಅಹೋ ವಹಿನಿ, ಹಾ ಬಾಸಷ್ಟಚಾ ಆಹೇ!" ಇದು ಬೇರೆ ಮಾಡೆಲ್ಲಿನದು ಅಂತ.

ಇವರು ನಗಲಿಲ್ಲ. "ಅರವತ್ತೆರಡರದು ತಂದೀಯೇನ?" ಅಂದರು. ಸೀಲ್ ಒಡೆದದ್ದನ್ನು ಅಂಗಡಿಯವರು ಮರಳಿ ತಗೊಳ್ಳುವುದಿಲ್ಲ. ನಾನು ಏನಾದರೊಂದು ಹೇಳಬೇಕಲ್ಲ ಅಂತ, "ದೊಡ್ಡದ ಐತಲ್ರಿ, ಸಣ್ಣದಕ್ಕಿಂತ ಚಲೋ" ಅಂದೆ. ಮಗ್ಗಗಳ ಸದ್ದಿನಲ್ಲಿ ನನ್ನ ಮಾತು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಕೇಳಿಸದಿದ್ದರೆ ಒಳ್ಳೆಯದು.

ಮಾತು ತಿರುಗಿಸಲು ನಾನೇ ಆ ಸಿಲಿಂಡರನ್ನು ಕೈಗೆತ್ತಿಕೊಂಡು ತಿರುವಿ ನೋಡಿದೆ. ಅದರ ಪಕ್ಕದಲ್ಲಿ ಒಂದು ಸಣ್ಣ ಬಟನ್ ಇತ್ತು, ಕುಪ್ಪಸದ ಗುಂಡಿಯಷ್ಟು. ನಮ್ಮ ಹಳೆಯದರಲ್ಲಿ ಇರಲಿಲ್ಲ. "ಇದೇನ್ರಿ ಮಿಸ್ತ್ರಿ?" ಅಂದೆ.

ಮಿಸ್ತ್ರಿ ನಗು ನಿಲ್ಲಿಸಿ, ನನಗಾಗಿ ತಮ್ಮ ಕನ್ನಡ ತೆಗೆದರು. "ಇದು ದೊಡ್ಡ ಮಶೀನ ನೋಡ್ರಿ. ಒಳಗ ಗಾಳಿ ಭಾಳ ಗಚ್ಚ ತುಂಬತೈತಿ, ಹಗ್ಗ ಜಗ್ಗಾಕ ಆಗಂಗಿಲ್ಲ. ಅದಕ್ಕ ಈ ಬಟನ್. ಒತ್ತಿದ್ರ ಸ್ವಲ್ಪ ಗಾಳಿ ಹೊರಗ ಹೋಗತೈತಿ, ಹಗ್ಗ ಹಗುರ ಬರತೈತಿ. ಎಂಜಿನ್ ಹತ್ತಿದ ಕೂಡ್ಲೇ ಬಟನ್ ತಾನ ಮ್ಯಾಲ ಬರತೈತಿ."

"ಎಷ್ಟು ಹಗುರ?" ಇವರು ಕೇಳಿದರು.

"ಭಾಳ ಹಗುರ. ಝಟಕಾ ಬ್ಯಾಡ."

ಇವರು ಸಿಲಿಂಡರನ್ನು ನನ್ನ ಕೈಯಿಂದ ತಗೊಂಡರು. ಹೆಬ್ಬೆರಳಿನಿಂದ ಬಟನ್ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಎಡಗೈ ತಾನಾಗಿ ಬಲಭುಜದ ಮೇಲೆ ಹೋಯಿತು. ಮಶೀನು ಮನೆಯಲ್ಲಿ ಉಳಿಯುತ್ತದೋ ಇಲ್ಲವೋ ಎನ್ನುವುದು ಆ ಕುಪ್ಪಸದ ಗುಂಡಿಯ ಮೇಲೆ ನಿಂತಿದೆ ಅಂತ ನಮಗಿಬ್ಬರಿಗೂ ಒಟ್ಟಿಗೇ ಹೊಳೆದಿತ್ತು.

"ನಮ್ಮ ಮಶೀನಿಗೆ ಕೂಡ್ರತೈತೇನು ಇದು?" ಅಂದರು.

ಮಿಸ್ತ್ರಿ ತಲೆ ಕೆರೆದುಕೊಂಡರು. ಎರಡೂ ಒಂದೇ ಬಳಗದ ಮಾಡೆಲ್ಲು, ಬೋಲ್ಟಿನ ತೂತುಗಳು ಕೂಡಬಹುದು ಎಂದರು. ಕೂಡಿದವು. ದೊಡ್ಡ ಪಿಸ್ಟನ್ನೂ ಒಳಗೆ ಹೋಯಿತು. ಸೈಲೆನ್ಸರಿನ ಬಾಯಿ ಸ್ವಲ್ಪ ಓರೆಯಾಗುತ್ತಿದ್ದುದನ್ನು ಕಾನಸು ಹಾಕಿ ಉಜ್ಜಿ ಸರಿಮಾಡಿದರು. ಆದರೆ ಎಲ್ಲ ಬಿಗಿದು ಕೈಯಿಂದ ಚಕ್ರ ತಿರುಗಿಸಿದರೆ ಒಳಗಿನಿಂದ ಟಕ್ ಅಂತ ಸದ್ದು. ಪಿಸ್ಟನ್ನು ಮೇಲೆ ಹೋಗಿ ಸಿಲಿಂಡರಿನ ನೆತ್ತಿಗೆ ಬಡಿಯುತ್ತಿತ್ತು. ಸಿಲಿಂಡರನ್ನು ಒಂದು ಚೂರು ಮೇಲೆತ್ತಬೇಕು. ಅದಕ್ಕೆ ಸಿಲಿಂಡರಿನ ಬುಡದಲ್ಲಿ ಹಾಕುವ ಪ್ಯಾಕಿಂಗು ದಪ್ಪ ಆಗಬೇಕು. ಕಾಗದದ ಪ್ಯಾಕಿಂಗನ್ನು ಎರಡು ಪದರ ಹಾಕಿದರೆ ಗಾಳಿ ಸೋರಿತು. ತಂಪು ಪಾನೀಯದ ಡಬ್ಬಿ ಕತ್ತರಿಸಿ ಹಾಕಿದರು, ಅದು ಸುಕ್ಕುಗಟ್ಟಿತು. "ಮೆತ್ತನ್ನ ತಗಡು ಬೇಕು, ಸಪಾಟ ಇರಬೇಕು" ಎಂದು ಮಿಸ್ತ್ರಿ ಕೈಚೆಲ್ಲಿದರು. ಇವರ ಮುಖ ಮತ್ತೆ ಇಳಿಯಿತು.

ಮೆತ್ತನೆಯ ತಗಡು ಅಂದ ಕೂಡಲೇ ನನಗೆ ನನ್ನ ಅಕ್ಕ ನೆನಪಾದಳು. ಅಕ್ಕ ಹುಪರಿಯಲ್ಲಿದ್ದಾಳೆ. ಮನೆಯಲ್ಲೇ ಕೂತು ಬೆಳ್ಳಿಯ ಕಾಲ್ಗೆಜ್ಜೆ ಮಾಡುತ್ತಾಳೆ. ಹಳೆಯ ಕಾಗದದ ಪ್ಯಾಕಿಂಗನ್ನು ಪರ್ಸಿನಲ್ಲಿಟ್ಟುಕೊಂಡು, "ನೀವು ಇಲ್ಲೇ ಇರ್ರಿ, ಬಂದೆ" ಅಂದೆ. ಇವರು "ಈ ಸಲ ಅಂಕಿ ಗಿಂಕಿ ಏನೂ ಇಲ್ಲ ಹೌದಿಲ್ಲೋ?" ಅಂದರು. ಅಷ್ಟು ಚೇಷ್ಟೆ ಉಳಿದಿದೆ ಎಂದರೆ ಜೀವವೂ ಇದೆ ಎಂದುಕೊಂಡು ಹೊರಟೆ.

ಅಕ್ಕ ಪ್ಯಾಕಿಂಗನ್ನು ಬೆಳಕಿಗೆ ಹಿಡಿದು ನೋಡಿ, "ಏ ಹುಚ್ಚಿ, ಮಶೀನಿಗೆ ಬೆಳ್ಳಿ ಹಾಕತಾರೇನ?" ಅಂದಳು. ನಾನು ಎಲ್ಲ ಹೇಳಿದೆ. ಬೇರೆಯವರ ಮಾಲು ಮುಟ್ಟುವಂತಿಲ್ಲ. ಆದರೆ ನನ್ನ ಮದುವೆಯ ಕಾಲುಂಗುರ ಅವಳ ಹತ್ತಿರವೇ ಇದ್ದವು. ಒಂದು ಸೀಳು ಬಿಟ್ಟಿದ್ದಕ್ಕೆ ನಾನು ಬೇರೆ ಜೋಡಿ ಹಾಕಿಕೊಂಡು, ಹಳೆಯದನ್ನು ಬೆಸೆದು ಕೊಡು ಅಂತ ಅಲ್ಲಿ ಬಿಟ್ಟಿದ್ದೆ. ಅಕ್ಕ ಅವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ನನ್ನ ಮುಖ ನೋಡಿದಳು.

"ಇವನ್ನ ಕರಗಸಲೇನು?"

ಸೀಳು ಬಿಟ್ಟದ್ದನ್ನು ಒಮ್ಮೆ ಕಾಲ್ಬೆರಳಿಗೆ ಹಿಡಿದು ನೋಡಿದೆ. ಆಮೇಲೆ "ಕರಗಸು" ಅಂದೆ.

ಅಕ್ಕ ಕರಗಿಸಿದಳು, ರೋಲರಿಗೆ ಹಾಯಿಸಿ ತಗಡು ತೆಗೆದಳು, ಬೆಂಕಿ ತೋರಿಸಿ ಮೆತ್ತಗೆ ಮಾಡಿದಳು. ಕಾಗದವನ್ನು ಅದರ ಮೇಲಿಟ್ಟು, ಕುಪ್ಪಸಕ್ಕೆ ಅಳತೆ ಹಾಕುವ ಹಾಗೆ ಗೆರೆ ಎಳೆದು, ಸಣ್ಣ ಕತ್ತರಿಯಲ್ಲಿ ಕತ್ತರಿಸಿದಳು. ಕೊನೆಗೆ ಅಭ್ಯಾಸಬಲದಿಂದ ಅದಕ್ಕೆ ಪಾಲಿಶ್ ಕೂಡ ಮಾಡಿ, "ತಗೋ, ನಿನ್ನ ಮಶೀನಿಗೂ ಲಗ್ನ ಆತು" ಅಂದಳು.

ಯಡ್ರಾವದಲ್ಲಿ ಆ ಹೊಳೆಯುವ ಪ್ಯಾಕಿಂಗ್ ನೋಡಿ ಮಿಸ್ತ್ರಿ ಕೈ ಒರೆಸಿಕೊಂಡೇ ಮುಟ್ಟಿದರು. ಇವರು "ಯಾರ ಬೆಳ್ಳಿ?" ಅಂದರು. "ನನ್ನ ಕಾಲುಂಗುರಾರಿ, ಲಗ್ನದಾಗಿನವು" ಅಂದೆ. ಇವರು ಪ್ಯಾಕಿಂಗನ್ನು ಅಂಗಿಯ ತುದಿಯಿಂದ ಒರೆಸಿ ಮಿಸ್ತ್ರಿಯ ಕೈಗೆ ಕೊಟ್ಟರು. ಪ್ಯಾಕಿಂಗ್ ಕೂತಿತು. ಚಕ್ರ ತಿರುಗಿಸಿದರೆ ಟಕ್ ಸದ್ದಿಲ್ಲ. ಪ್ಲಾಸ್ಟಿಕ್ಕಿನ ಕವಚದಲ್ಲಿ ಬಟನ್ನಿಗೆ ಜಾಗ ಇರಲಿಲ್ಲ. ಇವರೇ ಮೊಳೆ ಕಾಯಿಸಿ ತೂತು ಮಾಡಿದರು. ಆ ತೂತು ಈಗಲೂ ಸೊಟ್ಟಗೆ ಇದೆ. ಅದರ ಬಗ್ಗೆ ಯಾರೂ ಏನೂ ಅನ್ನುವ ಹಾಗಿಲ್ಲ.

ಎಲ್ಲ ಬಿಗಿದಾದ ಮೇಲೆ ಮಿಸ್ತ್ರಿ ಮಶೀನನ್ನು ನೆಲಕ್ಕಿಟ್ಟು ನನ್ನ ಕಡೆ ನೋಡಿದರು. ನಾನು ರೂಢಿಯಂತೆ ಸೆರಗು ಬಿಗಿದು ಬಗ್ಗಿದೆ.

"ಸರಿ ಆಕಡೆ" ಅಂದರು ಇವರು.

ಸರಿದೆ. ಇವರು ಬಗ್ಗಿ, ಕಾಲಿಟ್ಟು, ಬಟನ್ ಒತ್ತಿ, ಬಲಗೈಯಿಂದ ಹಗ್ಗ ಎಳೆದರು. ಭುಜ ಮೇಲೇಳಲಿಲ್ಲ, ಮೊಣಕೈ ಮಾತ್ರ ಹಿಂದೆ ಹೋಯಿತು. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಇವರ ಕುತ್ತಿಗೆಯ ಮೇಲೆ ಬೆವರು ಕಂಡಿತು. ಮಿಸ್ತ್ರಿ ಬಗ್ಗಿ ಕಾರ್ಬೋರೇಟರಿನ ಸ್ಕ್ರೂ ತುಸು ತಿರುಗಿಸಿದರು. ಇವರು ಮತ್ತೆ ಬಟನ್ ಒತ್ತಿ ಎಳೆದರು. ಹತ್ತಿತು! ಮಗ್ಗಗಳ ಸದ್ದನ್ನೂ ನುಂಗುವ ಹಾಗೆ ಅಬ್ಬರಿಸಿತು. ಇವರು ನನ್ನ ಕಡೆ ತಿರುಗಿ ಹಲ್ಲು ಬಿಟ್ಟರು. ಬಿದ್ದ ದಿನದಿಂದ ನಾನು ಆ ಹಲ್ಲುಗಳನ್ನು ಅಷ್ಟು ಒಟ್ಟಿಗೆ ನೋಡಿರಲಿಲ್ಲ. ನನ್ನ ಕಣ್ಣು ತುಂಬಿ ಬಂದವು. ಹೊಗೆ ಅಂತ ಹೇಳಿದೆ.

ಮಾರುವ ಮಾತು ಅಲ್ಲಿಗೇ ಬಿತ್ತು. ಮರುದಿನದಿಂದ ಇವರು ಒಬ್ಬರೇ ಹೊರಟರು. ನಾನೇ ಬುತ್ತಿ ಕಟ್ಟಿ ಕೈಗೆ ಕೊಟ್ಟೆ, ಬಾಗಿಲ ತನಕ ಹೋಗಿ ನಿಂತೆ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು ಮಾಡಿದ ಕೆಲಸವನ್ನೇ ಮತ್ತೆ ಮಾಡಿದೆ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚು ಬಂದಿತ್ತು, ಒಂದು ಬಟನ್ನಿನ ಮೇಲೆ. ನನ್ನ ಕಾಲುಂಗುರ ಒಳಗೆ ಕೂತು ಚಂದಗಡದ ದಾರಿಯೆಲ್ಲ ಸುತ್ತುತ್ತಿದ್ದವು, ನಾನು ಗಡಿಂಗ್ಲಜದಲ್ಲಿ ಅವರೆಕಾಳು ಸುಲಿಯುತ್ತ ಕೂತಿದ್ದೆ. ಸಂಜೆ ಬಂದು ಇವರು "ಇವತ್ತ ಒಂದ ಜಗ್ಗಿಗೆ ಹತ್ತಿತು ನೋಡು" ಅಂದರೆ, ಖುಷಿಪಟ್ಟು, "ಹೌದೇನ್ರಿ" ಅಂದು, ಪಲ್ಯಕ್ಕೆ ಒಂದು ಚಿಟಿಕೆ ಖಾರ ಜಾಸ್ತಿ ಹಾಕುತ್ತಿದ್ದೆ.

ಆಮೇಲೆ ಮೊದಲ ಮಳೆಗೆ ನಮ್ಮ ಮನೆಯಿಂದ ಕೂಗಳತೆಯಲ್ಲಿದ್ದ ಹೊಲದಲ್ಲಿ ಒಂದು ಮಾವಿನ ಮರ ಬಿತ್ತು. ಇವರು ಬೆಳಿಗ್ಗೆಯೇ ಹೋಗಿದ್ದರು. ಬುತ್ತಿ ಮರೆತಿದ್ದರು. ಮರೆತಿದ್ದರೋ ಬಿಟ್ಟುಹೋಗಿದ್ದರೋ ನಾನು ಕೇಳಿಲ್ಲ. ಬುತ್ತಿ ಹಿಡಿದು ಬದುವಿನ ಮೇಲೆ ಹೋಗುತ್ತಿರುವಾಗ ಮಶೀನಿನ ಸದ್ದು ನಿಂತಿತು. ಆಮೇಲೆ ದೂರದಿಂದ ಹಳೆಯ ಕೂಗು ಬಂತು: "ಬಾ!"

ನಾನು ಓಡಿದೆ. ಕೆಸರು ಅಂತಲೂ ನೋಡಲಿಲ್ಲ. "ಏನಾತ್ರಿ? ಹತ್ತವಲ್ದೇನು? ಬಟನ್ ಕೆಟ್ಟಿತೇನು?"

"ಇಲ್ಲ. ಚಲೋ ಐತಿ."

"ಭುಜ ನೋಯಾಕತ್ತೈತೇನು?"

"ಇಲ್ಲ."

"ಮತ್ತ ಯಾಕ ಕರದ್ರಿ?"

ಇವರು ಮಶೀನಿನ ಮೇಲಿನ ಹೊಟ್ಟು ಒರೆಸುತ್ತ, ನನ್ನ ಮುಖ ನೋಡದೆ, "ಒಬ್ಬಾಂವನ ಕೊಯ್ಯಾಕ ಬ್ಯಾಸರ ಆಗತೈತಿ" ಅಂದರು. ಆಮೇಲೆ ಮಶೀನನ್ನು ನೆಲಕ್ಕಿಟ್ಟು, ಬ್ರೇಕ್ ಹಾಕಿ, ಹೆಬ್ಬೆರಳಿನಿಂದ ಬಟನ್ ಒತ್ತಿದರು. "ನೀ ಜಗ್ಗು."

ಹೊಸ ಸಿಲಿಂಡರ್ ಹಾಕಿದ ಮೇಲೆ ನಾನು ಆ ಹಗ್ಗ ಮುಟ್ಟಿರಲಿಲ್ಲ. ಕಾಲಿಟ್ಟು, ಸೆರಗು ಬಿಗಿದು, ತವರಿನ ಬಾವಿಯನ್ನು ನೆನೆದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಜಗ್ಗಿದೆ. ಹಗ್ಗ ಹೂವಿನ ಹಾಗೆ ಬಂತು. ಮಶೀನು ಹತ್ತಿತು. ನಾನು ಹಿಂದಕ್ಕೆ ಹಾರಿ ಕೆಸರಿನಲ್ಲಿ ಧೊಪ್ಪನೆ ಕೂತೆ.

ಇವರು ನಕ್ಕರು ನೋಡಿ, ಮರದ ಬೊಡ್ಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಬೈದೆ. ಬೈಯುತ್ತ ನನಗೂ ನಗು ಬಂತು. ಮಶೀನು ಪಕ್ಕದಲ್ಲಿ ಗುಡುಗುಡು ಅನ್ನುತ್ತಲೇ ಇತ್ತು. ಇವರು ಕಣ್ಣು ಒರೆಸಿಕೊಂಡು ಹತ್ತಿರ ಬಂದು, ನನ್ನನ್ನು ಎಬ್ಬಿಸಲು ಬಲಗೈ ಚಾಚಿ, "ಬಾ" ಅಂದರು.

ನಾನು ಅವರ ಎಡಗೈ ಹಿಡಿದು ಎದ್ದೆ.